ಹನುಮವ್ವನ ಹೂಂ

ನಮ್ಮ ಮನೆಗೆ ಫೋನು ಬಂದು ಎಂಟು ತಿಂಗಳಾಯಿತು. ಅದು ಬಂದ ಮೇಲೆ ನನ್ನ ಒಂದು ಕೆಟ್ಟ ಚಟ ಮನೆಯವರಿಗೆಲ್ಲ ಬಯಲಾಗಿದೆ. ಆ ಕಡೆಯವರು ಮಾತು ಮುಗಿಸುವ ಮೊದಲೇ ನಾನು "ಹೂಂ" ಅನ್ನುತ್ತೇನೆ. ಎದುರಿಗೆ ಇದ್ದವರಿಗಾದರೆ ತಲೆಯಾಡಿಸಿದರೆ ಸಾಕು. ಫೋನಿನಲ್ಲಿ ತಲೆ ಕಾಣುವುದಿಲ್ಲವಲ್ಲ. ಅಡುಗೆಮನೆಯಿಂದಲೇ ಲೆಕ್ಕವಿಟ್ಟು ಕೇಳುವ ನನ್ನ ಹೆಂಡತಿ ಗಿರಿಜಾ ಮೊನ್ನೆ ಅಂದಳು:

"ನಿಮ್ಮ ಬಾಯಾಗ ಇರೋದು ಒಂದ ಹೂಂ ಏನ್ರೀ? ಸಾವಿನ ಸುದ್ದಿಗೂ ಅದ, ಸೀಮಂತದ ಸುದ್ದಿಗೂ ಅದ. ಕೇಳಾಕತ್ತೀರೋ, ಬರೇ ಅನ್ನಾಕತ್ತೀರೋ?"

ನಾನು ಅಭ್ಯಾಸಬಲದಿಂದ "ಹೂಂ" ಅಂದೆ. ಅವಳು ಸೌಟು ಕುಕ್ಕಿದಳು.

ಆದರೆ ಆ ಪ್ರಶ್ನೆಯನ್ನು ನಾನು ಹಿಂದೊಮ್ಮೆ ಬೇರೆಯವರ ಬಾಯಲ್ಲಿ ಕೇಳಿದ್ದೆ. ಸಿಂಧನೂರಿನಲ್ಲಿ, ಗೋಡೆಗೆಲ್ಲ ಕೌದಿ ತೂಗುಹಾಕಿದ್ದ ಒಂದು ಕೋಣೆಯಲ್ಲಿ. ಆಗ ಪ್ರಶ್ನೆ ಕೇಳಿದ್ದು ನನಗಲ್ಲ, ಒಂದು ಯಂತ್ರಕ್ಕೆ.

ಹೇಳುವ ಮೊದಲು ಒಂದು ಮಾತು. ಗುಲ್ಬರ್ಗಾದಲ್ಲಿ ಎಂ.ಎ. ಓದುವಾಗಿನಿಂದ ನಾನು ದಿನಚರಿ ಬರೆಯುತ್ತ ಬಂದಿದ್ದೇನೆ. ನನ್ನ ದಿನಚರಿಗೂ ನನ್ನ ನೆನಪಿಗೂ ಒಂದೇ ಒಲೆಯ ಮುಂದೆ ಕೂತ ಇಬ್ಬರು ನೆಗೆಣ್ಣಿಯರಷ್ಟೇ ಹೊಂದಾಣಿಕೆ. ಒಂದು ಹೌದೆಂದರೆ ಇನ್ನೊಂದು ಮೂತಿ ತಿರುಗಿಸುತ್ತದೆ. ಆದ್ದರಿಂದ ಇಲ್ಲಿ ನಾನು ಹೇಳುವುದರಲ್ಲಿ ಯಾವುದು ನಡೆದದ್ದು, ಯಾವುದು ನಾನು ಹೇಳಿ ಹೇಳಿ ನಡೆಸಿದ್ದು ಎಂಬ ಅನುಮಾನ ನಿಮಗಿಂತ ಮೊದಲು ನನಗೇ ಇದೆ.

ಮಸ್ಕಿಯಲ್ಲಿ ನಮ್ಮ ಮನೆಗೂ ಸಂಗಮ್ಮನ ಮನೆಗೂ ನಡುವೆ ಒಂದೇ ಗೋಡೆ. ಅವಳ ಗಂಡನದು ಸಂತೆ ಬೀದಿಯಲ್ಲಿ ಬೆಲ್ಲ, ಕಾಳುಕಡಿಯ ಅಂಗಡಿ. ಎಂಬತ್ತರ ದಶಕದ ಮೊದಲ ವರ್ಷಗಳು. ನಾನಿನ್ನೂ ಪ್ರಾಥಮಿಕ ಶಾಲೆ. ವಾರಕ್ಕೆರಡು ದಿನ ಅವರ ಅಂಗಳದಲ್ಲಿ ಜೋಳ ಹಸನು ಮಾಡುವ ಕೆಲಸ. ಅದಕ್ಕೆ ಬರುತ್ತಿದ್ದವಳು ಹನುಮವ್ವ, ಕೂಲಿ ಮಾಡುವ ಹೆಂಗಸು, ಸಂಗಮ್ಮನದೇ ವಯಸ್ಸು. ಹನುಮವ್ವ ಮೊರದಲ್ಲಿ ಜೋಳ ಕೇರುವಳು. ಸಂಗಮ್ಮ ಪಡಸಾಲೆಯಲ್ಲಿ ಕೂತು ಕಲ್ಲು ಆರಿಸುತ್ತ ತತ್ವಪದ ಹಾಡುವಳು. ತವರಿನಲ್ಲಿ ಅಜ್ಜನಿಂದ ಬಂದ ಪದಗಳು, ಕೆಲವು ಅವಳೇ ಕಟ್ಟಿದವು.

ಮೊರದ ಸದ್ದೇ ತಾಳ. ಒಂದು ನುಡಿ ಮುಗಿದ ಕೂಡಲೇ ಮೊರ ನಿಲ್ಲುತ್ತಿತ್ತು. ಹನುಮವ್ವ "ಹೂಂ" ಅನ್ನುವಳು. ಆಮೇಲೆ ಮೊರ ಮತ್ತೆ ಏಳುವುದು, ಸಂಗಮ್ಮ ಎರಡನೆಯ ನುಡಿ ಎತ್ತುವಳು. ಕಥೆಗೆ ಹೂಂಗುಟ್ಟುವವರು ನಮ್ಮ ಕಡೆ ಮನೆಮನೆಯಲ್ಲೂ ಇದ್ದರು. ಹಾಡಿಗೆ ಹೂಂಗುಟ್ಟುವವಳನ್ನು ನಾನು ಕಂಡಿದ್ದು ಇವಳೊಬ್ಬಳನ್ನೇ.

ಅವಳ ಹೂಂಗಳಲ್ಲಿ ತರಾವರಿ ಇದ್ದವು. ಗಡಿಗೆಯ ಮೇಲೆ ಮುಚ್ಚಳ ಇಟ್ಟಂಥ ಹೂಂ ಒಂದು. ಬಿಸಿ ರೊಟ್ಟಿ ಮುಟ್ಟಿ ಕೈ ಹಿಂದೆಗೆದಂಥ ಹೂಂ ಇನ್ನೊಂದು. ಒಮ್ಮೊಮ್ಮೆ, ಇದು ಮುಖ್ಯ, ಹೂಂ ಬರುತ್ತಲೇ ಇರಲಿಲ್ಲ. ಮೊರ ಹಾಗೇ ನಿಂತಿರುತ್ತಿತ್ತು.

"ಯಾಕ ಬೇ?" ಅನ್ನುವಳು ಸಂಗಮ್ಮ.

"ತಿಳೀಲಿಲ್ಲರೀ ಯವ್ವಾ."

"ಏನು ತಿಳೀಲಿಲ್ಲ? ದಿನಾ ಕೇಳೋ ಪದ."

"ದಿನಾ ತಿಳೀತಿತ್ತು. ಇವತ್ತ ತಿಳೀಲಿಲ್ಲ."

ಆಗ ಸಂಗಮ್ಮ ಅದೇ ನುಡಿಯನ್ನು ಮತ್ತೆ ಹಾಡುತ್ತಿದ್ದಳು, ಇನ್ನೂ ನಿಧಾನವಾಗಿ, ಕೂಸಿಗೆ ತುತ್ತು ಕಲೆಸಿದಂತೆ. ಎರಡನೆಯ ಸಲ ಅದು ಬೇರೆಯೇ ಹಾಡಾಗುತ್ತಿತ್ತು. ಇಂದಿಗೂ ನನ್ನ ಕಿವಿಯಲ್ಲಿರುವುದು ಆ ಎರಡನೆಯ ಸಲದ ಹಾಡುಗಳೇ.

ಸೋಮವಾರ ಸಂಜೆ ಅದೇ ಅಂಗಳದಲ್ಲಿ ಭಜನೆ. ಸಂತೆಕಲ್ಲೂರಿನಿಂದಲೂ ಜನ ಬರುತ್ತಿದ್ದರು. ಹಾರ್ಮೋನಿಯಂ ಬಂತು, ತಬಲಾ ಬಂತು. ಆದರೆ ಹೂಂ ಅನ್ನುವ ಹಕ್ಕು ಬೇರೆಯವರಿಗೆ ಹೋಗಲಿಲ್ಲ. ಹನುಮವ್ವ ಪಡಸಾಲೆಯ ಕೆಳಗಿನ ಮೆಟ್ಟಿಲ ಮೇಲೆ ಕೂತಿರುತ್ತಿದ್ದಳು. ಆ ಮೆಟ್ಟಿಲನ್ನು ಅವಳು ದಾಟಿ ಮೇಲೆ ಬಂದದ್ದನ್ನು ನಾನು ಕಂಡಿಲ್ಲ. ಕಂಡಿಲ್ಲ ಎಂಬುದನ್ನು ಗಮನಿಸಿದ್ದೂ ಬಹಳ ತಡವಾಗಿ. ವರ್ಷಗಟ್ಟಲೆ ನಾನು ಈ ಕಥೆಯನ್ನು ಗೆಳೆಯರಿಗೆ ಹೇಳುವಾಗ ಇಬ್ಬರೂ ಅಕ್ಕಪಕ್ಕ ಕೂತು ಹಾಡುತ್ತಿದ್ದರು ಎಂದೇ ಹೇಳುತ್ತಿದ್ದೆ. ನನ್ನ ನೆನಪು ಆ ಮೆಟ್ಟಿಲನ್ನು ನನಗೆ ಹೇಳದೆ ಕೆಡವಿಬಿಟ್ಟಿತ್ತು.

ಅವರು ಹಾಡುತ್ತಿದ್ದ ಒಂದು ಪದ ಹೀಗೆ ಶುರುವಾಗುತ್ತದೆ. ಇದು ಸಂಗಮ್ಮ ಕಟ್ಟಿದ್ದು:

ಕದ ತೆರೆದೇ ಐತಿ, ಒಳಗ ಬಾರವ್ವ
ಬಂದವರು ಯಾರಂತ ದೀಪ ಕೇಳೀತೇನ?

ಮೆಟ್ಟಿಲ ಮೇಲಿಂದ ಹನುಮವ್ವ "ಹೂಂ" ಅನ್ನುತ್ತಿದ್ದಳು.

ನಾನು ಹೈಸ್ಕೂಲಿಗೆ ಬರುವ ಹೊತ್ತಿಗೆ ಹನುಮವ್ವನ ಮಗನಿಗೆ ಕಾಲುವೆಯ ಕಡೆ, ಬಳಗಾನೂರಿನಲ್ಲಿ, ನೆಲ್ಲಿನ ಗದ್ದೆಯ ಕೆಲಸ ಸಿಕ್ಕಿತು. ಮನೆಮಂದಿಯೆಲ್ಲ ಗಂಟು ಕಟ್ಟಿಕೊಂಡು ಹೊರಟರು. ಮುಂದಿನ ಸೋಮವಾರ ಸಂಗಮ್ಮ ಮೊದಲ ನುಡಿ ಹಾಡಿ, ಮೆಟ್ಟಿಲ ಕಡೆ ನೋಡಿ, ನಿಂತಳು. ಸೇರಿದ್ದವರು "ಮುಂದ ಹೇಳ್ರೀ ಯವ್ವಾ" ಅಂದರು. ಸಂಗಮ್ಮ ಗಂಟಲು ಮುಟ್ಟಿಕೊಂಡು, "ದನಿ ಕೈ ಕೊಟ್ಟೈತಿ" ಅಂದಳು.

ಇಡೀ ಓಣಿ ಅವಳ ಗಂಟಲಿಗೆ ಚಿಕಿತ್ಸೆ ಶುರುಮಾಡಿತು. ನಮ್ಮವ್ವ ಶುಂಠಿ ಮೆಣಸಿನ ಕಷಾಯ, ಎದುರು ಮನೆಯವರು ಜ್ಯೇಷ್ಠಮಧು, ಯಾರೋ ಲಿಂಗಸುಗೂರಿನಿಂದ ಗುಳಿಗೆ. ಸಂಗಮ್ಮ ಎಲ್ಲವನ್ನೂ ಕುಡಿದಳು, ನುಂಗಿದಳು. ಹಾಡಲಿಲ್ಲ. ಅವಳು ಅಂಗಡಿಯ ಆಳನ್ನು ಕೂಗಿದರೆ ಸಂತೆ ಬೀದಿಯ ಆ ತುದಿಗೆ ಕೇಳುತ್ತಿತ್ತು. ಗಂಟಲು ಕೆಟ್ಟಿದೆ ಎಂದು ನಾವೆಲ್ಲ ಹೇಗೆ ನಂಬಿದೆವೋ!

ಹತ್ತು ವರ್ಷ ಹೋಯಿತು. ನಾನು ಓದು ಮುಗಿಸಿ ಲಿಂಗಸುಗೂರಿನಲ್ಲಿ ಕನ್ನಡ ಉಪನ್ಯಾಸಕನಾಗಿದ್ದೆ. ಆಗ ಕೀಬೋರ್ಡು, ತಾಳದ ಪೆಟ್ಟಿಗೆ ಹಾಕಿದ ತತ್ವಪದದ ಕ್ಯಾಸೆಟ್ಟುಗಳು ಬಸ್ಸಿನಲ್ಲಿ, ಹೋಟೆಲಿನಲ್ಲಿ ಕೇಳಿಬರತೊಡಗಿದ್ದವು. ಸಿಂಧನೂರಿನಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿದ್ದ ಮೆಹಬೂಬ ಒಂದು ದಿನ ಪೇಢೆಯ ಡಬ್ಬಿ ಹಿಡಿದು ಸಂಗಮ್ಮನ ಮನೆಗೆ ಬಂದ. ಅವನು ಚಿಕ್ಕಂದಿನಲ್ಲಿ ಸಂತೆಗೆ ಬಂದವನು ಅಂಗಳದ ಹೊರಗೆ ನಿಂತು ಅವಳ ಹಾಡು ಕೇಳಿದ್ದನಂತೆ.

"ಅಮ್ಮಾ, ಹಾಡು ನಿಮ್ದು, ಬಾಜಾ ನಮ್ದು. ಹತ್ತು ವರ್ಷದ ಮ್ಯಾಲೆ ಮಸ್ಕಿ ಸಂಗಮ್ಮ ಮತ್ತ ಹಾಡ್ಯಾಳ ಅಂದ್ರ ಮಂದಿ ಹುಚ್ಚೆದ್ದು ಕೇಳ್ತಾರ. ಬಿಲ್ಕುಲ್ ಹೊಸಾ ಮಾಲು ಆಕೈತಿ."

ಸಂಗಮ್ಮ ಒಲ್ಲೆ ಅನ್ನುತ್ತಾಳೆ ಎಂದುಕೊಂಡಿದ್ದೆ. "ಬರ್ತೀನಿ. ನೋಡೂಣು, ದನಿ ಬಂದ್ರ ಬಂತು" ಅಂದಳು. ಆಗ ಅವಳಿಗೆ ಅರವತ್ತರ ಹತ್ತಿರ. ಹಾಡಿನ ಪಾಠ ಬರೆದುಕೊಳ್ಳಲು ನನ್ನನ್ನು ಜೊತೆಗೆ ಕರೆದಳು. ಎಂ.ಎ. ಮಾಡಿದ್ದು ಸಾರ್ಥಕವಾಯಿತೆಂದು ನಾನು ಹೊಸ ನೋಟ್‌ಬುಕ್ಕು ಕೊಂಡೆ.

ಮೆಹಬೂಬನ ಅಂಗಡಿಯ ಹಿಂದಿನ ಕೋಣೆಯೇ ಸ್ಟುಡಿಯೊ. ಹೊರಗಿನ ಸದ್ದು ಬಾರದಿರಲೆಂದು ನಾಲ್ಕೂ ಗೋಡೆಗೆ ಕೌದಿ. ಸದ್ದಾಗುತ್ತದೆಂದು ಫ್ಯಾನು ಬಂದ್. ಸಂಗಮ್ಮ ಮಸ್ಕಿಯಿಂದಲೇ ತಾಮ್ರದ ಚೊಂಬಿನಲ್ಲಿ ನೀರು ತಂದಿದ್ದಳು. ಊರ ಹೊರಗಿನ ನೀರು ತನ್ನ ಗಂಟಲಿಗೆ ಒಗ್ಗದು ಎಂಬುದು ಅವಳು ಕೊಡುತ್ತಿದ್ದ ಕಾರಣ. ಕಾರಣ ಗಂಟಲಲ್ಲ ಎಂಬುದು ಮೆಹಬೂಬನಿಗೂ ಗೊತ್ತಿತ್ತು. ಅವನು ನನಗೆ ಮಾತ್ರ ಚಹಾ ತರಿಸಿದ, ಅವಳಿಗೆ ಒತ್ತಾಯ ಮಾಡಲಿಲ್ಲ.

ಕೀಬೋರ್ಡಿನ ಹಿಂದೆ ಶ್ರೀನು. ಸಿಂಧನೂರಿನ ಹತ್ತಿರದ ಒಂದು ಕ್ಯಾಂಪಿನವನು. ಕಾಲುವೆ ಬಂದಾಗ ಆಂಧ್ರದಿಂದ ಬಂದು ನೆಲೆಸಿದವರ ಮಗ. ಅವನು ತಾಳದ ಪೆಟ್ಟಿಗೆಯ ಗುಂಡಿ ಒತ್ತಿದ. ಟುಕ್ ಟುಕ್ ಟಕ ಟುಕ್. ಸಂಗಮ್ಮ ಕಣ್ಣು ಮುಚ್ಚಿ ಹಾಡು ಎತ್ತಿದಳು. ಹತ್ತು ವರ್ಷ ಕಾಳು ತುಂಬಿ ಮುಚ್ಚಿಟ್ಟ ಹಗೇವಿನ ಬಾಯಿ ತೆರೆದಂತೆ ಬಂತು ದನಿ, ಸ್ವಲ್ಪ ಮುಗ್ಗು, ಒಳಗೆ ಬೆಚ್ಚಗೆ. ಮೆಹಬೂಬ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

ಮೊದಲ ನುಡಿ ಮುಗಿಯಿತು. ಸಂಗಮ್ಮ ನಿಂತಳು. ಪೆಟ್ಟಿಗೆ ನಿಲ್ಲಲಿಲ್ಲ. ಟುಕ್ ಟುಕ್ ಟಕ ಟುಕ್.

"ಅಮ್ಮಾ, ಎರಡನೇದು ತಗೊಳ್ರಿ. ತಾಳ ಹೋಗಾಕತ್ತೈತಂಡಿ," ಅಂದ ಶ್ರೀನು.

"ಹ್ಯಾಂಗ ತಗೊಳ್ಳಲೋ? ಮೊದಲನೇದು ಯಾರಿಗೆ ಮುಟ್ಟೈತಿ?"

ಐದಾರು ಸಲ ಹೀಗಾಯಿತು. ಪ್ರತಿಸಲವೂ ಒಂದೇ ನುಡಿ, ಒಂದೇ ನಿಲುಗಡೆ. ಆಗ ನಾನು, ವಿದ್ಯಾವಂತ, ಮುಂದೆ ಬಂದೆ. ನುಡಿ ಮುಗಿದ ಕೂಡಲೇ ಗಂಭೀರವಾಗಿ "ಹೂಂ" ಅಂದೆ. ಸಂಗಮ್ಮ ಕಣ್ಣು ತೆರೆದು ನನ್ನನ್ನು ನೋಡಿದಳು.

"ಪರೀಕ್ಷಾ ಪೇಪರು ತಿದ್ದಿ ಮಾರ್ಕ್ಸ್ ಹಾಕಿದಂಗ ಅಂತೀಯಪ್ಪ. ಬ್ಯಾಡ ಬಿಡು."

ಆಮೇಲೆ ಶ್ರೀನುವಿನ ಸರದಿ. ಅವನ ಕೀಬೋರ್ಡಿಗೆ ನಾವಾಡಿದ ದನಿಯನ್ನು ಒಳಗೆ ಹಿಡಿದಿಟ್ಟು, ಕೀ ಒತ್ತಿದಾಗ ಅದನ್ನೇ ಹೊರಗೆ ಬಿಡುವ ಶಕ್ತಿ ಇತ್ತು. ಅವನು ತನ್ನದೇ ಒಂದು ಹೂಂ ತುಂಬಿದ. ಕೆಳಗಿನ ಕೀ ಒತ್ತಿದರೆ ಎಮ್ಮೆಯ ಹೂಂ, ಮೇಲಿನದಕ್ಕೆ ಕೂಸಿನ ಹೂಂ. ಸಂಗಮ್ಮ ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು:

"ಇದು ಕೇಳಿ ಅಂತೈತೋ, ಬರೇ ಅಂತೈತೋ?"

ಗಿರಿಜಾ ಮೊನ್ನೆ ನನ್ನನ್ನು ಕೇಳಿದ್ದೂ ಇದನ್ನೇ.

"ಒತ್ತಿದಾಗ ಅಂತೈತಂಡಿ," ಅಂದ ಶ್ರೀನು.

"ನಾ ತಪ್ಪಿ ಹಾಡಿದ್ರೂ?"

"ಒತ್ತಿದ್ರ ಅಂತೈತಿ."

"ಹಂಗಾರ ಬ್ಯಾಡೋ ಯಪ್ಪಾ."

ಸಂಜೆ ಬರಿಗೈಯಲ್ಲಿ ಮಸ್ಕಿಯ ಬಸ್ಸು ಹತ್ತಿದೆವು. ಕಿಟಕಿಯ ಹತ್ತಿರ ಕೂತ ಸಂಗಮ್ಮ, "ದನಿ ಐತಿ ನೋಡು. ದನಿಗೇನೂ ಆಗಿಲ್ಲ," ಅಂದಳು, ತನಗೇ ಹೇಳಿಕೊಂಡಂತೆ. "ಇವತ್ತ ಹಾಡಲಿಲ್ಲಂದ್ರ ಇನ್ನ ಹಾಡಂಗಿಲ್ಲ ನಾ. ನನ್ನ ಪಾಲಿಗೆ ಇಷ್ಟ ಇತ್ತು ಅಂದ್ಕೋತೀನಿ."

ಇಲ್ಲಿ ನನ್ನ ನೆನಪು ಒಂದು ಚೆಂದದ ದೃಶ್ಯ ಇಟ್ಟುಕೊಂಡಿದೆ. ನಾನು ಅವಳ ಕಡೆ ತಿರುಗಿ, "ಹನುಮವ್ವನ್ನ ಕರೆಸೋಣ" ಅನ್ನುತ್ತೇನೆ. ಈ ಮಾತನ್ನು ನಾನು ಎಷ್ಟೋ ಸಲ ಜನರ ಮುಂದೆ ಹೇಳಿ, ಎಷ್ಟೋ ಮೆಚ್ಚುಗೆ ಪಡೆದಿದ್ದೇನೆ. ಇದನ್ನು ಬರೆಯಲೆಂದು ಮೊನ್ನೆ ಆ ವರ್ಷದ ದಿನಚರಿ ತೆಗೆದೆ. ಆ ದಿನದ ಪುಟದಲ್ಲಿ ನನ್ನದೇ ಕೈಬರಹ: "ಸಂಗಮ್ಮನ ಹಠ ಅತಿಯಾಯಿತು. ಹೂಂ ಇಲ್ಲದೆಯೂ ಪದಕ್ಕೆ ಅರ್ಥವಿದೆ. ಮೆಹಬೂಬ ಯಾರೋ ಹನುಮವ್ವನನ್ನು ಹುಡುಕಿಸುತ್ತೇನೆ ಅನ್ನುತ್ತಿದ್ದಾನೆ. ವ್ಯರ್ಥ ಶ್ರಮ."

ಯಾರೋ ಹನುಮವ್ವ! ನಾನು ಆ ಪುಟವನ್ನು ಗಿರಿಜಾಗೆ ತೋರಿಸಿಲ್ಲ.

ಹನುಮವ್ವ ಬಂದಳು. ನಾಟಿಯ ಕಾಲ, ಗದ್ದೆಯಿಂದ ನೇರ ಬಸ್ಸು ಹತ್ತಿದ್ದಳು. ಮೀನಖಂಡದ ತನಕ ಕೆಸರು ಒಣಗಿ ಬಿಳಿಚಿತ್ತು. ಇಬ್ಬರೂ ಹತ್ತು ವರ್ಷದ ಮೇಲೆ ಭೇಟಿಯಾದದ್ದು. ತಬ್ಬಿಕೊಂಡರು, ಅತ್ತರು ಎಂದು ಬರೆಯುವ ಆಸೆಯಾಗುತ್ತದೆ. ಹಾಗೇನೂ ಆಗಲಿಲ್ಲ.

"ಸೊರಗೀಯಲ್ಲಬೇ," ಅಂದಳು ಸಂಗಮ್ಮ.

"ನೀವ ಉಬ್ಬೀರಿ ಬಿಡ್ರಿ. ನಿಮ್ಮ ಪಾಲಿಂದು ನೀವ, ನನ್ನ ಪಾಲಿಂದೂ ನೀವ ಉಂಡೀರಿ."

ಮೆಹಬೂಬ ಅವಳನ್ನು ಬಾಗಿಲಲ್ಲೇ ತಡೆದು ಸ್ಟುಡಿಯೊದ ಕಾನೂನು ವಿವರಿಸಿದ. ಒಳಗೆ ಸೀನಂಗಿಲ್ಲ, ಕೆಮ್ಮಂಗಿಲ್ಲ, ಕೈಯಾಗಿನ ಬಳಿ ಸದ್ದು ಮಾಡಂಗಿಲ್ಲ, ಜೋರಾಗಿ ಉಸರೂ ಬಿಡಂಗಿಲ್ಲ. ಹನುಮವ್ವ ಬಾಗಿಲ ಪಕ್ಕದಲ್ಲಿ ಮುದುರಿ ಕೂತಳು. ಪೆಟ್ಟಿಗೆ ಶುರುವಾಯಿತು. ಸಂಗಮ್ಮ ಹಾಡಿದಳು, ಮೊದಲ ನುಡಿ ಮುಗಿಸಿದಳು, ಹನುಮವ್ವನ ಕಡೆ ನೋಡಿದಳು. ಹೂಂ ಇಲ್ಲ. ಸಂಗಮ್ಮ ಅದೇ ನುಡಿಯನ್ನು ನಿಧಾನಕ್ಕೆ ಮತ್ತೆ ಹಾಡಿದಳು. ಇಲ್ಲ. ಮೂರನೆಯ ಸಲ. ಸಂಗಮ್ಮನ ಹಣೆಯಲ್ಲಿ ಬೆವರು. ಹತ್ತು ವರ್ಷದಲ್ಲಿ ಹನುಮವ್ವನಿಗೆ ತನ್ನ ಹಾಡು ಅಷ್ಟೊಂದು ದೂರವಾಯಿತೇ ಎಂಬ ಗಾಬರಿ ಅವಳ ಮುಖದಲ್ಲಿ ನನಗೇ ಕಾಣುತ್ತಿತ್ತು.

"ತಿಳೀವಲ್ದೇನಬೇ?" ಅಂದಳು ಕೊನೆಗೆ.

ಹನುಮವ್ವ ಮೆಹಬೂಬನ ಕಡೆ ಬೊಟ್ಟು ಮಾಡಿ, ಬಾಯಿ ಬಿಗಿಹಿಡಿದು, ಕಣ್ಣಲ್ಲೇ ಏನೋ ಹೇಳಿದಳು.

"ಅರೆ, ಮಾತಾಡಬೇ!" ಅಂದ ಮೆಹಬೂಬ.

"ಉಸರು ಬಿಡಬ್ಯಾಡ ಅಂದೋನು ನೀನ, ಮಾತಾಡು ಅನ್ನೋನೂ ನೀನ! ಮೂರು ಸಲ ಹೂಂ ನುಂಗಿ ನನ್ನ ಹೊಟ್ಟಿ ಉಬ್ಬೈತಿ."

ಎಲ್ಲರೂ ನಕ್ಕೆವು. ಸಂಗಮ್ಮ ನಗುತ್ತ ಕಣ್ಣೊರೆಸಿಕೊಂಡಳು.

ಇನ್ನೊಂದು ತೊಡಕು ಉಳಿದಿತ್ತು. ಮೈಕು ಒಂದೇ. ಬಾಗಿಲಲ್ಲಿ ಕೂತವಳ ಹೂಂ ಟೇಪಿಗೆ ಸಿಗುತ್ತಿರಲಿಲ್ಲ.

"ಒಳಗ ಬಂದು ಕುಂದರಬೇ, ಜಮಖಾನದ ಮ್ಯಾಲೆ," ಅಂದ ಮೆಹಬೂಬ.

"ನಾ ಇಲ್ಲೇ ಬೇಷ್ ಇದೀನಿ. ಅದನ್ನ ಈ ಕಡೆ ತಾ."

"ವೈರು ಅಲ್ಲೀತನ ಬರಾಂಗಿಲ್ಲ."

ಹನುಮವ್ವ ಅಲುಗಲಿಲ್ಲ. ತನ್ನ ಕಾಲಿನ ಕೆಸರು ನೋಡಿಕೊಂಡಳು. ಸಂಗಮ್ಮ ಜಮಖಾನದ ಮೇಲೆ ಸ್ವಲ್ಪ ಸರಿದು ಕೂತು, ಪಕ್ಕದ ಜಾಗವನ್ನು ಅಂಗೈಯಿಂದ ಎರಡು ಸಲ ತಟ್ಟಿದಳು. ಹನುಮವ್ವ ಬಂದು ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತಳು.

ಶ್ರೀನು ಒಳ್ಳೆಯ ಹುಡುಗ. ಅವನು ಪೆಟ್ಟಿಗೆಯ ಗುಂಡಿಯ ಮೇಲೆ ಬೆರಳಿಟ್ಟುಕೊಂಡು ಕೂತ. ನುಡಿ ಮುಗಿದ ಕೂಡಲೇ ತಾಳ ನಿಲ್ಲಿಸುವನು. ಹನುಮವ್ವನ ಹೂಂ ಬಂದ ಮೇಲೆ ಮತ್ತೆ ಒತ್ತುವನು. "ಇದಕ್ಕೂ ದಮ್ಮು ತಗೊಳ್ಳೋದು ಕಲಿಸಿದ್ಯಲ್ಲಪ್ಪ, ಪುಣ್ಯ ಬರ್ತೈತಿ," ಅಂದಳು ಹನುಮವ್ವ, ಬಂಡಿಯ ಎತ್ತಿನ ಬಗ್ಗೆ ಹೇಳುವಂತೆ. ಎರಡು ಮಧ್ಯಾಹ್ನಗಳಲ್ಲಿ ಎಂಟು ಪದ ಮುಗಿದವು.

ಕ್ಯಾಸೆಟ್ಟು ಹೊರಬಂತು. ಮೇಲೆ ಸಂಗಮ್ಮನ ಫೋಟೊ, ಹಿಂದೆ ಬಣ್ಣ ಬಣ್ಣದ ಬೆಳಕಿನ ಗೆರೆಗಳು. ಹತ್ತು ದಿನಕ್ಕೆ ಜನ ಅದನ್ನು ವಾಪಸು ತರತೊಡಗಿದರು. ಟೇಪು ನಡುನಡುವೆ ನಿಲ್ಲುತ್ತದೆ, ಯಾರೋ ಹೂಂಗುಟ್ಟುತ್ತಾರೆ, ಮಾಲು ಖರಾಬು ಎಂದು. ಮೆಹಬೂಬ ಎಷ್ಟು ತಿಳಿಹೇಳಿದರೂ ನಡೆಯಲಿಲ್ಲ. ಕೊನೆಗೆ ಅವನೂ ಶ್ರೀನುವೂ ಕೂತು ಹೂಂಗಳನ್ನೂ ನಿಲುಗಡೆಗಳನ್ನೂ ತೆಗೆದು, ನುಡಿಗೆ ನುಡಿ ಅಂಟಿಸಿ, ಮೇಲೆ ತಾಳ ಎಳೆದು ಇನ್ನೊಂದು ಕ್ಯಾಸೆಟ್ಟು ಮಾಡಿದರು. ಅದು ಓಡಿತು. ಟ್ರ್ಯಾಕ್ಟರಿನಲ್ಲಿ ಓಡಿತು, ಬಸ್ಸಿನಲ್ಲಿ ಓಡಿತು.

ಸಂಗಮ್ಮನಿಗೆ ಇದು ಗೊತ್ತಾದದ್ದು ಮಸ್ಕಿಯ ಸಂತೆಯಲ್ಲಿ ನಿಂತು ಕೇಳಿದಾಗ. ಮರುದಿನವೇ ನನಗೆ ಹೇಳಿ ಕಳಿಸಿದಳು.

"ಸಿಂಧನೂರಿಗೆ ನಡಿ. ಮಾರಬ್ಯಾಡ ಅಂತ ಹೇಳಿ ಬರ್ತೀನಿ. ಯಾರೋ ಬೆನ್ನ ಹತ್ಯಾರ, ನಾ ಓಡಿಕೋಂತ ಹಾಡಾಕತ್ತೀನಿ, ಹಂಗ ಕೇಳ್ತೈತಿ ಅದು. ಆಕಿನ್ನ ಒಳಗ ಕರದು ಕುಂದ್ರಿಸಿ, ಮತ್ತ ನಾನ ಹೊರಗ ಹಾಕಿದಂಗಾತು."

ನಾವು ಹತ್ತಿದ ಬಸ್ಸಿನಲ್ಲಿ ಅದೇ ಕ್ಯಾಸೆಟ್ಟು ಹಾಕಿದ್ದರು. ಸಂಗಮ್ಮ ಸೆರಗು ಮುಂದಕ್ಕೆಳೆದುಕೊಂಡಳು. ಪಕ್ಕದ ಸೀಟಿನವರಿಗೂ ಹಾಡುತ್ತಿರುವವಳು ಇವಳೇ ಎಂದು ತಿಳಿಯಲಿಲ್ಲ. ಹಿಂದಿನ ಸೀಟುಗಳಲ್ಲಿ ಗದ್ದೆ ಕೆಲಸಕ್ಕೆ ಹೊರಟ ಹೆಂಗಸರು ತುಂಬಿದ್ದರು. ಕದ ತೆರೆದೇ ಐತಿ ಎಂಬ ಪದ ಬಂತು. ಮೊದಲ ನುಡಿ ಮುಗಿಯುತ್ತಲೇ, ಉಸಿರಿಗೂ ಜಾಗವಿಲ್ಲದೆ ಎರಡನೆಯದು ನುಗ್ಗಿತು. ಆಗ ಹಿಂದಿನಿಂದ ಒಂದು ದನಿ, "ಹೂಂ". ಜಾಗ ಇರಲಿಲ್ಲವಾಗಿ ಅದು ಎರಡನೆಯ ನುಡಿಯ ಮೇಲೇ ಬಿತ್ತು. ಮುಂದಿನ ನುಡಿಗೆ ಮೂರು ನಾಲ್ಕು ದನಿ. ಆ ಹೆಂಗಸರು ಮೊದಲಿನ ಕ್ಯಾಸೆಟ್ಟು ಕೇಳಿದವರೋ, ಹನುಮವ್ವನ ಓಣಿಯವರೋ, ಅಥವಾ ಯಾರಾದರೂ ಹಾಗೆ ಕೇಳಿದರೆ ಹೂಂ ಅನ್ನದೆ ಇರಲಾರದವರೋ, ನಾನು ಕೇಳಲಿಲ್ಲ. ಸಂಗಮ್ಮ ತಿರುಗಿ ನೋಡಿದಳು. ಬಹಳ ಹೊತ್ತು ನೋಡಿದಳು.

ಬಳಗಾನೂರಿಗೆ ಹೋಗುವವರು ಇಳಿಯುವ ಕಡೆ ಬಸ್ಸು ನಿಂತಿತು. ಹೆಂಗಸರು ಇಳಿಯತೊಡಗಿದರು. ಸಂಗಮ್ಮ ಎದ್ದಳು.

"ಇಳಿ."

"ಸಿಂಧನೂರು ಇನ್ನೂ ಮುಂದೈತಿ," ಅಂದೆ.

"ಮೆಹಬೂಬನ ಹತ್ರ ಏನೈತಿ ಕೆಲಸ? ಇಳಿ."

ತಾಮ್ರದ ಚೊಂಬು ಸೀಟಿನ ಕೆಳಗೇ ಉಳಿಯಿತು. ಮರೆತಳೋ ಬಿಟ್ಟಳೋ ನನಗೆ ತಿಳಿಯದು. ಬಸ್ಸು ಹೋದ ಮೇಲೆ ನಾನು "ಚೊಂಬು!" ಎಂದು ಕೂಗಿದ್ದು ಮಾತ್ರ ನೆನಪಿದೆ. ಅವಳು ತಿರುಗಲಿಲ್ಲ.

ಹನುಮವ್ವನ ಮನೆ ಕಾಲುವೆಯ ಆಚೆ, ಒಂದೇ ಕೋಣೆ, ತಗಡಿನ ಕದ. ಕದ ತೆರೆದೇ ಇತ್ತು. ಹೀಗೆ ಬರೆದರೆ ನೀವು ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಆದರೆ ಬಿಸಿಲಿಗೆ ಆ ಓಣಿಯಲ್ಲಿ ಎಲ್ಲ ಕದಗಳೂ ತೆರೆದೇ ಇದ್ದವು. ಸಂಗಮ್ಮ ಹೊಸ್ತಿಲ ಹೊರಗೆ ನಿಂತಳು. ಹನುಮವ್ವ ಒಳಗಿನಿಂದ ನೋಡಿದಳು. ಚಾಪೆ ಹಾಸಲೋ ಬೇಡವೋ ಎಂದು ಕೈಯಲ್ಲೇ ಹಿಡಿದು ನಿಂತಳು. ಸಂಗಮ್ಮ ತಾನೇ ಒಳಗೆ ಬಂದು, ಅವಳ ಕೈಯಿಂದ ಚಾಪೆ ತೆಗೆದುಕೊಂಡು ಹಾಸಿ ಕೂತಳು.

"ನಿನ್ನ ಹೂಂ ತಗದು ಹಾಕ್ಯಾರಬೇ."

"ಕೇಳೀನ್ರಿ. ಹ್ವಾದ್ರ ಹೋಗ್ಲಿ. ಹಾಡು ನಿಂತಿಲ್ಲಲ್ಲ."

ಆಮೇಲೆ ಸಂಗಮ್ಮ ಹಾಡಿದಳು ಎಂದು ನೆನಪು ಹೇಳುತ್ತದೆ. ಮೊರದ ಸದ್ದೂ ಇತ್ತೆಂದು ಹೇಳುತ್ತದೆ. ಆ ಮೊರವನ್ನು ನಾನು ನಂಬುವುದಿಲ್ಲ. ಹೊಳೆಯುವಂತೆ ಸ್ಪಷ್ಟವಾಗಿ ನೆನಪಿರುವುದು ಅದಕ್ಕೂ ಮುಂಚಿನದು. ಹನುಮವ್ವ ಒಲೆಯ ಮುಂದೆ ಪಾತ್ರೆ ಹಿಡಿದು ನಿಂತು, ನನಗೆ, "ಮಾಸ್ತರ್‌ಗೆ ಚಾ ಮಾಡ್ತೀನ್ರಿ," ಅಂದಳು. ನಾನು ತಲೆಯಾಡಿಸಿದೆ. ಅವಳು ಸಂಗಮ್ಮನ ಕಡೆ ತಿರುಗಿದಳು. "ನಿಮಗ..." ಅಂದು ಅಲ್ಲಿಗೇ ನಿಲ್ಲಿಸಿದಳು. ಪಾತ್ರೆ ಕೈಯಲ್ಲೇ ಇತ್ತು. ಅವಳು ಕಾದಳು.

"ಹೂಂ," ಅಂದಳು ಸಂಗಮ್ಮ.

ಈ ಹೂಂ ನಾನು ನಿಜವಾಗಿ ಕೇಳಿದ್ದೋ, ಆಮೇಲೆ ಕಟ್ಟಿಕೊಂಡದ್ದೋ, ಆಣೆ ಮಾಡಿ ಹೇಳಲಾರೆ. ದಿನಚರಿಯಲ್ಲಿ ಆ ದಿನಕ್ಕೆ ಒಂದೇ ಸಾಲಿದೆ. ಹಾಡಿನ ಮಾತಿಲ್ಲ, ಹೂಂ ಮಾತಿಲ್ಲ. "ಬಳಗಾನೂರು. ವಿಪರೀತ ಬಿಸಿಲು. ಹನುಮವ್ವನ ಮನೆಯಲ್ಲಿ ಚಹಾ, ಮೂರು ಕಪ್ಪು."